ಮೂರನೆಯ ಕಂಪ್ಯೂಟರು

"ಗುರುಗಳೇ, ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಬಂದಿದೆ. ಅದನ್ನು ಯಾವಾಗ ಹಾಕಬೇಕು, ಹೇಗೆ ಹಾಕಬೇಕು?"

ಹೀಗೆ ಕೇಳಿದ ಶಿಷ್ಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಇವತ್ತೇ ಹಾಕಿಬಿಡುವ ಆಸೆ ಅವನ ಮುಖದಲ್ಲೇ ಇತ್ತು.

ಗುರು ಹೇಳಿದರು:

ನಿಯಮ ಚಿಕ್ಕದು. ಕೈಯಲ್ಲಿರುವ ಕೆಲಸ ಮುಗಿಸು. ಇರುವುದೆಲ್ಲದರ ನಕಲು ತೆಗೆ, ತೆಗೆದ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡು. ಹೊಸದನ್ನು ಒಂದಕ್ಕೆ ಮಾತ್ರ ಹಾಕಿ, ನಿನ್ನ ದಿನನಿತ್ಯದ ಕೆಲಸವನ್ನು ಅದರಿಂದ ಮಾಡಿಸು. ಅದು ಸರಿಯಾಗಿ ಮಾಡಿತೆಂದು ಖಚಿತವಾದ ಮೇಲೆ ಉಳಿದವುಗಳಿಗೆ ಹಾಕು. ಈ ನಿಯಮವನ್ನು ಒಂದು ಮುದ್ರಣಾಲಯದವರು ಮುರಿದರು. ಅವರು ದಡ್ಡರಲ್ಲ. ಸಂತೋಷ ತಡೆಯಲಾರದೆ ಮುರಿದರು.

ಅದು ಅಂಧರಿಗಾಗಿ ಬ್ರೈಲ್ ಪುಸ್ತಕ ಮಾಡುವ ಮುದ್ರಣಾಲಯ. ಅಲ್ಲಿ ಮೂರು ಕಂಪ್ಯೂಟರುಗಳಿದ್ದವು. ಒಂದು ಬೆರಳಚ್ಚು ಮಾಡುವವಳದು, ಒಂದು ವ್ಯವಸ್ಥಾಪಕನದು, ಒಂದು ಕರಡು ತಿದ್ದುವವನದು. ಕರಡು ತಿದ್ದುವವನು ಹುಟ್ಟು ಕುರುಡ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದವನಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಕನ್ನಡವನ್ನು ಟೈಪು ಮಾಡಿದರೆ ಕಂಪ್ಯೂಟರು ಅದನ್ನು ಚುಕ್ಕಿಗಳಾಗಿ ಬದಲಾಯಿಸುತ್ತಿತ್ತು, ಅಚ್ಚುಯಂತ್ರ ಆ ಚುಕ್ಕಿಗಳನ್ನು ದಪ್ಪ ಕಾಗದದ ಮೇಲೆ ಉಬ್ಬಿಸುತ್ತಿತ್ತು. ಆ ತಿಂಗಳು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಕೆಲಸ ನಡೆದಿತ್ತು. ಹತ್ತೊಂಬತ್ತು ಮಕ್ಕಳು ಅದಕ್ಕಾಗಿ ಕಾದಿದ್ದರು. ಪರೀಕ್ಷೆಗೆ ಉಳಿದದ್ದು ಹದಿನೇಳು ದಿನ.

ಆಗ ಹೊಸ ಆವೃತ್ತಿ ಬಂತು. ಅದು ಪರದೆಯ ಮೇಲಿನ ಕನ್ನಡವನ್ನು ತಾನೇ ಗಟ್ಟಿಯಾಗಿ ಓದುತ್ತದೆ ಎಂಬ ಸುದ್ದಿಯೂ ಬಂತು. ಹಳೆಯದು ಇಂಗ್ಲಿಷನ್ನು ಮಾತ್ರ ಓದುತ್ತಿತ್ತು. ಕನ್ನಡದ ಒಂದು ಕಾಗದ ಬಂದರೂ ಮೇಷ್ಟ್ರು ಯಾರನ್ನಾದರೂ ಕರೆದು ಓದಿಸಬೇಕಿತ್ತು. ಕಂಪ್ಯೂಟರು ಎಂದು ಕನ್ನಡ ಕಲಿಯುತ್ತದೆ ಎಂದು ಅವರು ಆರು ವರ್ಷದಿಂದ ಕೇಳುತ್ತಲೇ ಇದ್ದರು. ಆದ್ದರಿಂದ ಹೊಸದು ಬಂದದ್ದು ಎಲ್ಲರಿಗೂ ಹಬ್ಬದಂತಾಯಿತು.

ನಕಲು ತೆಗೆದಿದೆಯೇ ಎಂದು ವ್ಯವಸ್ಥಾಪಕ ಕೇಳಿದ. ನಿನ್ನೆಯೇ ತೆಗೆದಿದ್ದೇನೆ ಎಂದ ಅಲ್ಲಿಯ ಗುಮಾಸ್ತ. ಅದನ್ನು ಯಾರೂ ತೆರೆಯಲಿಲ್ಲ. ಬೆರಳಚ್ಚಿನವಳ ಕಂಪ್ಯೂಟರಿಗೆ ಹೊಸದನ್ನು ಹಾಕಿದರು. ಅದು ವಿಜ್ಞಾನದ ಮೊದಲ ಸಾಲನ್ನು ಕನ್ನಡದಲ್ಲಿ ಓದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಓದಿಸಿದರು, ಮತ್ತೂ ಒಮ್ಮೆ ಓದಿಸಿದರು. ಆ ಸಡಗರದಲ್ಲೇ ಎರಡನೆಯದಕ್ಕೂ ಹಾಕಿಬಿಟ್ಟರು. ಬಳಿಕ ಎಲ್ಲರೂ ಸೇರಿ ಮೂರನೆಯ ಮೇಜಿನ ಬಳಿಗೆ ಬಂದರು.

ಮೇಷ್ಟ್ರು ಕೀಲಿಮಣೆಯ ಮೇಲಿಂದ ಕೈ ತೆಗೆಯದೆ ಕೂತಿದ್ದರು. ಒಂದು ಪುಟ ಅಚ್ಚಾಗಿ ಬಂತೇ ಎಂದು ಕೇಳಿದರು. ಬರುತ್ತದೆ ಬಿಡಿ ಎಂದರು ಉಳಿದವರು. ಹಳೆಯದಕ್ಕೆ ಇನ್ನು ಮೇಲೆ ದುರಸ್ತಿ ಸಿಗುವುದಿಲ್ಲ ಎಂದು ಹೆದರಿಸಿದರು. ಅದು ಸುಳ್ಳಲ್ಲ, ಆದರೆ ದುರಸ್ತಿ ನಿಲ್ಲುವುದು ಎಂಟು ತಿಂಗಳ ಮೇಲೆ, ಪರೀಕ್ಷೆ ಹದಿನೇಳು ದಿನದಲ್ಲಿ ಎಂದು ಮೇಷ್ಟ್ರು ಲೆಕ್ಕ ಒಪ್ಪಿಸಿದರು.

ವ್ಯವಸ್ಥಾಪಕನಿಗೆ ರೇಗಿತು. "ಏನ್ ಮೇಷ್ಟ್ರೇ, ಆರು ವರ್ಷ ನಮ್ಮ ತಲೆ ತಿಂದವರು ನೀವು. ಈಗ ಬಾಗಿಲಿಗೇ ಬಂದಿದೆ, ಬೇಡ ಅಂತೀರಲ್ಲ?"

"ಬೇಡ ಅಂದವರು ಯಾರು ಸ್ವಾಮಿ? ನಿಮ್ಮೆಲ್ಲರಿಗಿಂತ ನನಗೇ ಹೆಚ್ಚು ಬೇಕು. ಮೊದಲು ಒಂದು ಪುಟ ಕೊಡಿ."

ಒಂದು ಪುಟ ತಾನೇ ಎಂದು, ಹೊಸದನ್ನು ಹಾಕಿದ ಕಂಪ್ಯೂಟರಿನಿಂದ ಅಚ್ಚಿಗೆ ಕೊಟ್ಟರು. ಅಚ್ಚುಯಂತ್ರ ಎಂದಿನಂತೆ ಸದ್ದು ಮಾಡಿತು. ಕಾಗದ ಹೊರಗೆ ಬಂತು. ಸಾಲು ಸಾಲಾಗಿ ಚುಕ್ಕಿಗಳು ಬಿದ್ದಿದ್ದವು. ಕಣ್ಣಿದ್ದವರೆಲ್ಲ ನೋಡಿ, ಬಂತಲ್ಲ ಎಂದು ಮತ್ತೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪುಟವನ್ನು ಮೇಜಿನ ಮೇಲಿಟ್ಟು ಮೊದಲ ಸಾಲಿನ ಮೇಲೆ ಬೆರಳು ಎಳೆದರು. ಎರಡನೆಯ ಸಾಲಿನ ಮೇಲೆ ಎಳೆದರು. ಪುಟ ತಿರುಗಿಸಿ ಕೆಳಗಿನಿಂದಲೂ ನೋಡಿದರು.

"ಚುಕ್ಕಿ ಇವೆ," ಎಂದರು. "ಕನ್ನಡ ಇಲ್ಲ."

ಚುಕ್ಕಿಗೆ ಬದಲಾಯಿಸುವ ತಂತ್ರಾಂಶ ಹಳೆಯ ಆವೃತ್ತಿಗೆ ಮಾಡಿದ್ದು. ಹೊಸದರಲ್ಲಿ ಅದು ಅಕ್ಷರಗಳನ್ನು ಕಲಸಿಬಿಟ್ಟಿತ್ತು. ವ್ಯವಸ್ಥಾಪಕ ಹಳೆಯ ಸ್ಥಿತಿಗೆ ಮರಳೋಣ ಎಂದ. ಗುಮಾಸ್ತ ನಕಲನ್ನು ಆಗ ತೆರೆದ. ಅವನು ನಕಲು ಮಾಡಿದ್ದು ಕಡತಗಳಿಗೆ ದಾರಿ ತೋರಿಸುವ, ಪರದೆಯ ಮೇಲಿನ ಪುಟ್ಟ ಗುರುತುಗಳನ್ನು ಮಾತ್ರ. ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಪುಸ್ತಕದ ಪಾಠಗಳೇನೋ ಕಂಪ್ಯೂಟರಿನಲ್ಲೇ ಕೆಡದೆ ಉಳಿದಿದ್ದವು. ಆದರೆ ಹಳೆಯ ಆವೃತ್ತಿಯ ನಕಲು ಎಲ್ಲೂ ಇಲ್ಲದ್ದರಿಂದ ಹಿಂದಕ್ಕೆ ಹೋಗುವ ದಾರಿ ಉಳಿದಿರಲಿಲ್ಲ.

ಮುದ್ರಣಾಲಯದಲ್ಲಿ ಕನ್ನಡ ಅಚ್ಚು ಹಾಕಬಲ್ಲ ಕಂಪ್ಯೂಟರು ಈಗ ಒಂದೇ ಒಂದು. ಎಲ್ಲ ಪಾಠಗಳನ್ನೂ ಪೆನ್ ಡ್ರೈವಿನಲ್ಲಿ ಹೊತ್ತು ಮೂರನೆಯ ಮೇಜಿಗೆ ತಂದರು. ಎಲ್ಲರೂ ಮೇಷ್ಟ್ರ ಸುತ್ತ ಸರದಿಯಲ್ಲಿ ನಿಂತರು. ಅವರು ಯಾರನ್ನೂ ಅಣಕಿಸಲಿಲ್ಲ, ತಿದ್ದುತ್ತ ಹೋದರು.

ಹದಿಮೂರನೆಯ ದಿನ ಚುಕ್ಕಿಯ ತಂತ್ರಾಂಶದವರು ಸರಿಪಡಿಸಿದ ಆವೃತ್ತಿ ಕಳಿಸಿದರು. ಮುದ್ರಣಾಲಯ ಮತ್ತೆ ಎದ್ದು ಕುಣಿಯಿತು. ಈ ಸಲ ಬೆರಳಚ್ಚಿನವಳ ಕಂಪ್ಯೂಟರಿಗೆ ಮಾತ್ರ ಹಾಕಿ, ಒಂದು ಇಡೀ ಪಾಠವನ್ನು ಅಚ್ಚು ಮಾಡಿ ತಂದರು. ಮೇಷ್ಟ್ರು ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿ ಓದಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅವರ ಮುಖ ಅರಳಿತು. ಅದರ ದನಿಯನ್ನು ಒಮ್ಮೆ ಕೇಳಿಸಿ ಎಂದರು. ಕೇಳಿಸಿದರು. ಮೇಷ್ಟ್ರು ಕಿವಿಗೊಟ್ಟು ಒಂದು ಪುಟ ಪೂರ್ತಿ ಕೇಳಿದರು.

ವ್ಯವಸ್ಥಾಪಕ ಅವರ ಪಕ್ಕಕ್ಕೆ ಬಂದು, ಈಗಲಾದರೂ ಏಳುತ್ತೀರಾ, ಅರ್ಧ ದಿನದ ಕೆಲಸ, ನಿಮಗೂ ಹಾಕಿಬಿಡುತ್ತೇವೆ ಎಂದು ಬಹಳ ಪ್ರೀತಿಯಿಂದ ಕೇಳಿದ.

ಇನ್ನು ಎಷ್ಟು ಪಾಠ ಉಳಿದಿವೆ ಎಂದು ಮೇಷ್ಟ್ರು ಕೇಳಿದರು. ಎರಡು ಎಂದ ವ್ಯವಸ್ಥಾಪಕ.

ಮೇಷ್ಟ್ರು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಹಳೆಯ ಕಂಪ್ಯೂಟರಿನಲ್ಲಿ ಮುಂದಿನ ಪಾಠವನ್ನು ತೆರೆದರು.

ಗುರು ಇಷ್ಟಕ್ಕೆ ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕೂತಿದ್ದ. "ಆಮೇಲೆ, ಗುರುಗಳೇ? ಮೂರನೆಯ ಕಂಪ್ಯೂಟರಿಗೆ ಹೊಸದನ್ನು ಯಾವ ದಿನ ಹಾಕಿದರು?"

"ಆ ಹತ್ತೊಂಬತ್ತು ಮಕ್ಕಳಿಗೆ ಪುಸ್ತಕ ತಲುಪಿತೇ ಎಂದು ನೀನು ಕೇಳಲಿಲ್ಲ," ಎಂದರು ಗುರು.