ಮುಖ ಬರೆಯುವ ಇನ್ನಾಸಪ್ಪನು ಶುಕ್ರವಾರದ ಹರಕೆಯನ್ನು ಮರೆತ ಕಥೆ

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಯೇಸುಸ್ವಾಮಿ ಮರಳಿ ಎದ್ದ ಪಾಸ್ಕಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ, ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ ಮುಗಿಸಿ ಬಂದು, ಕೈಕಾಲು ತೊಳೆದು, ಬತ್ತಿ ಏರಿಸಿ ದೀಪದ ಸುತ್ತ ಕುಳಿತವರೆಲ್ಲ ಕೇಳಿರಿ. ಕೂಸುಗಳನ್ನು ಮಡಿಲಿಗೆ ಎಳೆದುಕೊಳ್ಳಿರಿ, ನಡುವೆ ಎದ್ದು ಹೋಗಬೇಡಿರಿ. ದೇವರು ಕೊಟ್ಟ ವರವನ್ನು ತನ್ನದೆಂದು ಬಗೆದವನ ಗತಿ ಏನಾಯಿತೆಂಬುದೇ ಈ ಕಥೆ.

ಪೂರ್ವದಲ್ಲಿ ಕಾವೇರಿಯ ದಂಡೆಯ ಒಂದು ಪಾಳ್ಯದಲ್ಲಿ ಚಿನ್ನಪ್ಪ, ಜ್ಞಾನಮ್ಮ ಎಂಬ ದಂಪತಿಗಳು ಗಾಡಿಯ ಹಲಗೆಗೂ ಬಾಗಿಲಿಗೂ ಬಣ್ಣ ಬಳಿದು ಜೀವನ ಮಾಡಿಕೊಂಡಿರಲಾಗಿ, ಅವರ ಒಬ್ಬನೇ ಮಗ ಇನ್ನಾಸಪ್ಪನಿಗೆ ವಿಷಜ್ವರ ಬಂದು, ಉಸಿರು ಗಂಟಲಿಗೆ ಏರಿತು. ತಾಯಿಯು ಮಗುವನ್ನು ಗುಡಿಗೆ ಎತ್ತಿಕೊಂಡು ಹೋಗಿ, ಶಿಲುಬೆಯ ಬುಡದಲ್ಲಿ ಮಲಗಿಸಿ, “ಸ್ವಾಮಿ, ಇವನನ್ನು ಉಳಿಸಿಕೊಡು. ಇವನ ಕೈ ಯಾವ ಕೆಲಸ ಕಲಿತರೂ ತಪಸ್ಸುಕಾಲದ ಶುಕ್ರವಾರಗಳಲ್ಲಿ ಆ ಕೈ ನಿನ್ನದು” ಎಂದು ಹರಕೆ ಹೊತ್ತಳು. ಮಗುವು ಕಣ್ಣು ತೆರೆದು ನೀರು ಕೇಳಿತು.

ಆ ಮಗು ಬೆಳೆದಂತೆ ಅವನ ಕೈಗೆ ಒಂದು ವರ ಒದಗಿ ಬಂತು. ಸತ್ತವರನ್ನು ಅವನು ಕಂಡಿರದಿದ್ದರೂ, ಕಳೆದುಕೊಂಡವರು ಎದುರು ಕುಳಿತು ಹೇಳುತ್ತಾ ಹೋದರೆ, ಇದ್ದಿಲು, ಕೆಮ್ಮಣ್ಣು, ಸುಣ್ಣ ಹಿಡಿದು ಹಲಗೆಯ ಮೇಲೆ ಅದೇ ಮುಖವನ್ನು ಬರೆಯುತ್ತಿದ್ದನು. ತಾಯಿಯು ಅವನಿಗೆ ಆ ಶುಕ್ರವಾರಗಳ ವ್ರತದ ಕ್ರಮವನ್ನು ಕಲಿಸಿದಳು: ಕೈ ತೊಳೆದು ಶಿಲುಬೆಯ ಗುರುತು ಹಾಕಿಕೊಳ್ಳಬೇಕು, ಮರಳಿ ಕೊಡಲು ಏನೂ ಇಲ್ಲದವರಿಗೇ ಬರೆಯಬೇಕು, ಅವರ ದುಃಖವನ್ನು ಕೊನೆಯವರೆಗೆ ಕೇಳಬೇಕು, ಆ ಮನೆಯ ಮಜ್ಜಿಗೆಯನ್ನೂ ಮುಟ್ಟಬಾರದು, ಹಲಗೆಯ ಮೇಲೆ ತನ್ನ ಹೆಸರನ್ನು ಬರೆಯಬಾರದು. ಹೀಗೆ ನಡೆಸುತ್ತಾ ಇರಲು ತಂದೆತಾಯಿ ತೀರಿಹೋದರು. ಇನ್ನಾಸಪ್ಪನು ಸಗಾಯಮ್ಮ ಎಂಬುವಳನ್ನು ಮದುವೆಯಾದನು.

ಹೀಗಿರಲಾಗಿ ಪಟ್ಟಣದ ದೊರೆಯು ಅವನನ್ನು ಕರೆಸಿ, ಸತ್ತ ತನ್ನ ತಂದೆಯ ಮುಖವನ್ನು ಬರೆಸಿ, ಮೆಚ್ಚಿ, ಕೈಗೆ ಚಿನ್ನದ ಕಡಗ ತೊಡಿಸಿದನು. ಅದನ್ನು ಕಂಡು ವರ್ತಕರು ಬಂದರು, ಪಾಳೆಯಗಾರರು ಪಲ್ಲಕ್ಕಿ ಕಳುಹಿಸಿದರು. ಇನ್ನಾಸಪ್ಪನು ಪಟ್ಟಣದಲ್ಲಿ ಮಹಡಿಮನೆ ಕಟ್ಟಿಸಿ, ಪ್ರತಿ ಹಲಗೆಯ ಅಡಿಯಲ್ಲಿ ತನ್ನ ಹೆಸರನ್ನು ಮುಖಕ್ಕಿಂತ ಮೊದಲೇ ಬರೆಯತೊಡಗಿದನು. ಯಾರ ಮನೆಗೆ ಹೋದರೂ ಜನ ಸತ್ತವರನ್ನು ಬಿಟ್ಟು ಬರೆದವನನ್ನು ಹೊಗಳಬೇಕೆಂಬ ಆಸೆ ಅವನಲ್ಲಿ ಬೇರೂರಿತು.

ತಪಸ್ಸುಕಾಲದ ಒಂದು ಶುಕ್ರವಾರ ಒಬ್ಬ ವರ್ತಕನ ತೀರಿಹೋದ ಹೆಂಡತಿಯ ಮುಖವನ್ನು ಬರೆಯುತ್ತಾ ಕುಳಿತಿರಲು, ಸಂಧ್ಯಾಗಮ್ಮ ಎಂಬ ಮುದಿ ವಿಧವೆಯು ಬರಿಗಾಲಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತಳು. ಅವಳ ಮಗಳನ್ನು ಹೊಳೆ ಕೊಂಡುಹೋಗಿತ್ತು, ದೇಹವೂ ಸಿಕ್ಕಿರಲಿಲ್ಲ.

ಇನ್ನಾಸಪ್ಪನು ತಲೆ ಎತ್ತದೆ, “ಪಾಸ್ಕಹಬ್ಬ ಕಳೆದ ಮೇಲೆ ಬಾರಮ್ಮ. ಈಗ ದೊಡ್ಡವರ ಕೆಲಸ ಇದೆ” ಎಂದನು.

ಸಗಾಯಮ್ಮನು, “ಇವತ್ತು ಶುಕ್ರವಾರ, ಕಣ್ರೀ. ಅತ್ತೆಯವರ ಹರಕೆ” ಎಂದು ಮೆಲ್ಲಗೆ ನೆನಪು ಮಾಡಿದಳು.

“ಹರಕೆ ಹೊತ್ತವಳು ನನ್ನವ್ವ. ನಾನಲ್ಲ” ಎಂದನು.

ವಿಧವೆಯು ಶಪಿಸಲಿಲ್ಲ. “ಆಗಲಿ ಸ್ವಾಮಿ. ಅವಳ ಮುಖ ನನಗೆ ಮಸುಕಾಗ್ತಾ ಬಂತು, ಅದಕ್ಕೇ ಬಂದೆ” ಎಂದಳು. ಸಗಾಯಮ್ಮನು ಅವಳಿಗೆ ನೀರು ಕೊಟ್ಟು, ಯಾವ ಊರೆಂದು ಕೇಳಿ ತಿಳಿದು ಕಳುಹಿಸಿದಳು.

ಅಂದೇ ಮಧ್ಯಾಹ್ನ ವರ್ತಕನು ಬಂದು ಹಲಗೆಯನ್ನು ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದನು. ಹಲಗೆಯ ಮೇಲೆ ಹೆಂಗಸಿನ ಮೂಗುಬೊಟ್ಟು ಇತ್ತು, ಸೆರಗು ಇತ್ತು, ಮುಡಿದ ಹೂವೂ ಇತ್ತು. ಆದರೆ ಕಣ್ಣು ಇನ್ನಾಸಪ್ಪನದು, ತುಟಿಯೂ ಇನ್ನಾಸಪ್ಪನದು. ಇನ್ನಾಸಪ್ಪನು ಅದನ್ನು ಕೆರೆದು ಮತ್ತೆ ಬರೆದನು. ಮತ್ತೂ ತನ್ನ ಮುಖವೇ ಬಂತು.

ಅಲ್ಲಿಂದ ಮುಂದೆ, ಹಿಂದೆ ಬರೆದ ಹಲಗೆಗಳೂ ಒಂದೊಂದಾಗಿ ಬದಲಾದವು. ದೀಪ ಹಚ್ಚುವ ಹೊತ್ತಿಗೆ ಗೋಡೆಯಿಂದ ನಮ್ಮನ್ನು ನೋಡುವವರು ನಮ್ಮವರಲ್ಲ ಎಂದು ಹೆಂಗಸರು ಅಂಜಿದರು. ಮಕ್ಕಳು ನಡುಮನೆಗೆ ಹೋಗದಾದರು. ದೊರೆಯ ಅರಮನೆಯಲ್ಲಿ ಸತ್ತ ದೊರೆಯ ಪೇಟದ ಕೆಳಗೆ ಇನ್ನಾಸಪ್ಪನು ಮುಗುಳ್ನಗುತ್ತಿದ್ದನು. ಜನರು ಹಲಗೆಗಳನ್ನು ಹೊತ್ತು ತಂದು, ಅವನ ಅಂಗಳದಲ್ಲಿ ಮುಖ ಅಡಿಯಾಗಿ ಇಟ್ಟು, ತಿರುಗಿ ನೋಡದೆ ಹೋದರು. ಗಾಳಿ ಇಲ್ಲದಿದ್ದರೂ ಅವು ಮಗುಚಿ ಮೇಲೆ ನೋಡುತ್ತಿದ್ದವು.

ಕಡೆಗೆ ಅದು ಹಲಗೆಯನ್ನೂ ದಾಟಿತು. ಅವನು ಸಂತೆಗೆ ಹೋಗಲಾಗಿ, ರಾಗಿ ಅಳೆಯುವವನು, ಕೊಳ್ಳುವವನು, ಕುರಿ ಹಿಡಿದು ನಿಂತವನು, ಎಲ್ಲರಿಗೂ ಅವನದೇ ಮುಖ. ಕಣ್ಣು ಮುಚ್ಚಿಕೊಂಡು ಮನೆಗೆ ಓಡಿ ಬಂದನು. ಸಗಾಯಮ್ಮನು ಬಾಗಿಲು ತೆರೆದು, “ಯಾಕೆ ಹೀಗೆ ನೋಡ್ತೀರಿ?” ಎಂದಳು. ಅವಳಿಗೂ ಅವನದೇ ಮುಖವಿತ್ತು, ಅವಳ ದನಿ ಅವನದೇ ತುಟಿಗಳಿಂದ ಹೊರಬಂತು. ಹೆಂಡತಿಯ ಮುಖವನ್ನು ನೆನೆದುಕೊಳ್ಳಲು ಯತ್ನಿಸಿದನು. ನೆನಪಾಗಲಿಲ್ಲ.

ಸಗಾಯಮ್ಮನು ಕೈ ಹಿಡಿದು ಪಾಳ್ಯದ ಗುಡಿಗೆ ಅವನನ್ನು ಕರೆತಂದಳು. ಸ್ವಾಮಿಯ ಮರಣವನ್ನು ನೆನೆಯುವ ಪಾಡುಗಳ ವಾರ ಹತ್ತಿರವಾದ್ದರಿಂದ ಶಿಲುಬೆಗೆ ನೇರಳೆ ಬಟ್ಟೆ ಹೊದಿಸಿದ್ದರು. ಇನ್ನಾಸಪ್ಪನು ಮೊಣಕಾಲೂರಿ ಅಳುತ್ತಿರಲು, ಬಟ್ಟೆಯ ಅಂಚು ತಾನಾಗಿ ಸರಿಯಿತು. ಮುಳ್ಳಿನ ಕಿರೀಟದ ಕೆಳಗೂ ಅವನದೇ ಮುಖವಿತ್ತು. ಅದು ಅವನನ್ನು ನೋಡಿತು, ಗುರುತು ಹಿಡಿಯಲಿಲ್ಲ.

ಅವನು ಆ ಗುಡಿಯ ಮುಪ್ಪಿನ ಗುರುಗಳ ಬಳಿಗೆ ಹೋಗಿ ಪಾಪನಿವೇದನೆ ಮಾಡಿದನು. ಗುರುಗಳು ಎಲ್ಲವನ್ನೂ ಕೇಳಿ, “ದೇವರು ನಿನ್ನನ್ನು ಶಪಿಸಿಲ್ಲಪ್ಪ. ಎಲ್ಲರ ಮನೆಯಲ್ಲೂ ನಾನೇ ಕಾಣಬೇಕು ಅಂತ ಬೇಡಿದೆ, ಕಂಡೆ. ಆ ಕೈ ನಿನ್ನ ಬಳಿ ಇಟ್ಟಿದ್ದು ಬೇರೆಯವರಿಗೋಸ್ಕರ. ಯಾರನ್ನು ತಿರುಗಿಸಿ ಕಳಿಸಿದೆಯೋ ಅವರ ಬಾಗಿಲಿಗೆ ಹೋಗು” ಎಂದರು.

ಬಂದ ಶುಕ್ರವಾರ ಗಂಡಹೆಂಡಿರು ಉಪವಾಸವಿದ್ದು, ಸಂಧ್ಯಾಗಮ್ಮನ ಗುಡಿಸಲನ್ನು ಹುಡುಕಿಕೊಂಡು ಹೊಳೆಯ ದಂಡೆಗೆ ಹೋದರು. ಅವನು ಕೈ ತೊಳೆದು, ಶಿಲುಬೆಯ ಗುರುತು ಹಾಕಿ, ನೆಲದ ಮೇಲೆ ಕುಳಿತು, “ತಾಯಿ, ಮಗಳ ವಿಷಯ ಹೇಳು” ಎಂದನು.

ಮುದುಕಿಯು, “ತಡವಾಯ್ತು ಸ್ವಾಮಿ. ಮುಖ ನನಗೂ ಮರೆತುಹೋಯ್ತು” ಎಂದಳು.

ಆ ಮಾತು ಅವನ ಎದೆಯನ್ನು ಸೀಳಿತು. ತನ್ನ ಕಣ್ಣು ತೆರೆದಿದ್ದರೆ ತನ್ನ ಮುಖವೇ ಬರುವುದೆಂದು ತಿಳಿದು, ತಲೆವಸ್ತ್ರದಿಂದ ಕಣ್ಣು ಕಟ್ಟಿಕೊಂಡು, “ನೆನಪಿದ್ದಷ್ಟು ಹೇಳು. ಅವಳು ಹೇಗೆ ನಗ್ತಿದ್ದಳು?” ಎಂದು ಕೇಳಿದನು. ಬೀಸುವ ಕಲ್ಲಿಗೆ ಬಿದ್ದು ಹುಬ್ಬಿನ ಮೇಲೆ ಆದ ಕಲೆ, ತಡವಾಗಿ ಹುಟ್ಟಿದ ಮುಂದಿನ ಹಲ್ಲು, ನಗುವಾಗ ಬಾಯಿಗೆ ಅಡ್ಡ ಹಿಡಿಯುತ್ತಿದ್ದ ಕೈ, ಇಷ್ಟನ್ನು ಮುದುಕಿಯು ತಡೆತಡೆದು ಹೇಳಿದಳು. ಕತ್ತಲಲ್ಲಿ ಅವನ ಕೈ ನಡೆಯಿತು.

ಆಗ ಹೊಳೆಯ ಕಡೆಯಿಂದ ಒದ್ದೆ ಕಾಲಿನ ಸದ್ದು ಬಂದು, ಹೊಸ್ತಿಲು ದಾಟಿ, ಹಲಗೆಯ ಪಕ್ಕದಲ್ಲಿ ನಿಂತಿತು. ನೀರು ತೊಟ್ಟಿಕ್ಕುವುದು ಮೂವರಿಗೂ ಕೇಳಿಸಿತು. ಸಗಾಯಮ್ಮನು ತಲೆ ಎತ್ತದೆ ಜಪಸರ ಎಣಿಸುತ್ತಾ ಕುಳಿತಳು. ಇನ್ನಾಸಪ್ಪನು ಹೆದರಿದರೂ ಕೈ ನಿಲ್ಲಿಸಲಿಲ್ಲ. ಕಡೆಯ ಗೆರೆ ಎಳೆದಾಗ ನೀರು ತೊಟ್ಟಿಕ್ಕುವ ಸದ್ದು ನಿಂತಿತು. ಮುದುಕಿಯು ಹಲಗೆಯನ್ನು ತಡವಿ, “ಬಂದೆಯಾ ಮಗಳೇ” ಎಂದಳು.

ಅವನು ಕಟ್ಟು ಬಿಚ್ಚಲು, ತಾನು ಎಂದೂ ಕಾಣದ ಒಂದು ಹುಡುಗಿಯ ಮುಖ ನಗುತ್ತಿತ್ತು. ಸಂಧ್ಯಾಗಮ್ಮನ ಸಿಡುಬಿನ ಕಲೆಯ ಮುಖ ಕಂಡಿತು. ತಿರುಗಿ ನೋಡಲು ಸಗಾಯಮ್ಮನೂ ಕಂಡಳು. ಅವಳು ಇಷ್ಟು ಬಡವಾಗಿದ್ದಾಳೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವನು ಅವಳ ಕೈಗೆ ತಲೆಯಿಟ್ಟು ಅತ್ತನು.

ಆಮೇಲೆ ಮಹಡಿಮನೆಯನ್ನು ಬಿಟ್ಟು, ಹಲಗೆಗಳನ್ನು ತೊಳೆದು, ಮನೆಮನೆಗೂ ಹೋಗಿ ಏನನ್ನೂ ಪಡೆಯದೆ ಮತ್ತೆ ಬರೆದುಕೊಟ್ಟನು. ಆ ವರ್ತಕನು ಮಾತ್ರ ಬಾಗಿಲು ತೆರೆಯಲಿಲ್ಲ. ಅವನ ಹೆಂಡತಿಯ ಹಲಗೆ ಇಂದಿಗೂ ಬರಿದಾಗಿಯೇ ಉಳಿದಿದೆಯೆಂದು ಹಿರಿಯರು ಹೇಳುತ್ತಾರೆ. ದಂಪತಿಗಳಿಗೆ ಅನ್ನಕ್ಕೆ ಕೊರತೆಯಾಗಲಿಲ್ಲ. ಮುಪ್ಪಿನಲ್ಲಿಯೂ ಇನ್ನಾಸಪ್ಪನ ಕೈ ನಡುಗಲಿಲ್ಲ. ಸಗಾಯಮ್ಮನ ಮಡಿಲೂ ತುಂಬಿತು.

ಆದುದರಿಂದ ಹೊಲಿಯಬಲ್ಲವರು, ಹಾಡಬಲ್ಲವರು, ಮದ್ದು ಬಲ್ಲವರು, ಅಕ್ಷರ ಬಲ್ಲವರು, ಕೊಟ್ಟವನನ್ನು ಮರೆಯದಿರಿ. ಈ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ, ಕೇಳುತ್ತಾ ನಿದ್ದೆಹೋದ ಕೂಸಿಗೂ ಕೈಯ ವರ ಬತ್ತದಿರಲಿ, ಅಗಲಿದವರ ಮುಖ ಮರೆಯದಿರಲಿ, ಸಂಧ್ಯಾಗಮ್ಮನಿಗೆ ದೊರೆತ ಸಮಾಧಾನ ದೊರೆಯಲಿ. ಈಗ ಒಬ್ಬೊಬ್ಬರೂ ಬರುವ ಶುಕ್ರವಾರ ಯಾರ ಬಾಗಿಲಿಗೆ ಹೋಗುವಿರೆಂದು ಮನಸ್ಸಿನಲ್ಲಿಯೇ ನೆನೆದು, ನೆನೆದ ಮೇಲೆ ಮಾತ್ರ ಆಮೆನ್ ಎನ್ನಿರಿ.