ಮಗ್ಗದ ಅಂಚಿನ ನೀರಿನ ಬಟ್ಟಲು

“ಅಜ್ಜಿ, ಔಷಧಿಯಿಂದ ಒಂದು ನೋವು ಹೋಗಿ ಇನ್ನೊಂದು ಕಾಟ ಬಂದರೆ ಡಾಕ್ಟರಿಗೆ ಹೇಳಬೇಕೋ, ಸುಮ್ಮನೆ ತಡೆದುಕೊಳ್ಳಬೇಕೋ?” ಎಂದು ಮೊಮ್ಮಗಳು ವನಮಾಲೆ ಕೇಳಿದಳು. ಹೊಟ್ಟೆ ಹಿಂಡುವ ಕಾಯಿಲೆಗೆ ತಿಂಗಳಿಂದ ಮಾತ್ರೆ ನುಂಗುತ್ತಿದ್ದಾಳೆ ಹುಡುಗಿ.

ಕೂತ್ಕೋ ಮಗಳೇ, ಹೇಳ್ತೀನಿ ಎಂದೆ. ಕಾಲು ಚಾಚು, ಗೋಡೆಗೆ ಒರಗು. ಕೈಯಲ್ಲಿರುವ ಆ ನೀರಿನ ತಂಬಿಗೆ ಪಕ್ಕಕ್ಕಿಡು, ಯಾರೂ ಕಿತ್ತುಕೊಳ್ಳುವುದಿಲ್ಲ.

ಒಬ್ಬ ನೇಕಾರನಿದ್ದ. ಕೈ ಅವನ ಮಾತು ಕೇಳುತ್ತಿತ್ತು, ಹೊಟ್ಟೆ ಕೇಳುತ್ತಿರಲಿಲ್ಲ. ಚಿಂತೆ ಹತ್ತಿದರೆ ಸಾಕು, ಕರುಳು ಹಿಂಡುತ್ತಿತ್ತು. ಕಾಲು ಇಳಿಬಿಟ್ಟು ಕೂತ ಮಗ್ಗದ ಗುಂಡಿಯಿಂದೆದ್ದು ಹಿತ್ತಿಲಿಗೆ ಓಡಬೇಕು. ಮಗಳ ಧಾರೆಯ ಸೀರೆಯನ್ನು ತಾನೇ ನೇಯುತ್ತೇನೆಂದು ಕೂತ ಮೇಲೆ ಆ ಓಟ ದಿನಕ್ಕೆ ಹತ್ತಾಯಿತು. ಮದುವೆಗೆ ಉಳಿದದ್ದು ಒಂದು ತಿಂಗಳು. ಸೀರೆ ಆಗಿದ್ದು ಒಂದು ಮೊಳ.

ವೈದ್ಯ ಹೊಟ್ಟೆ ಮುಟ್ಟಿ ನೋಡಿದ. “ಕರುಳಿಗೆ ಗಾಯವಿಲ್ಲಪ್ಪ, ಮುಂಗೋಪ ಅಷ್ಟೆ” ಎಂದು ಪುಡಿ ಕೊಟ್ಟ. ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು. “ಎಂಟು ದಿನಕ್ಕೆ ಬಾ. ಏನು ಹೋಯಿತು ಅಂತ ಹೇಳು. ಏನು ಬಂತು ಅಂತಲೂ ಹೇಳು.”

ಮೂರೇ ದಿನಕ್ಕೆ ನೋವು ಹೋಯಿತು. ಆದರೆ ಬಾಯಿ ಒಣಗಿತು. ಅಂಚಿನ ಎಳೆಗಳು ಕಣ್ಣಿಗೆ ಮಂಜಾದವು. ಎಂಟನೆಯ ದಿನ ಅವನು ನೋವು ಹೋಯಿತು ಎಂದಷ್ಟೇ ಹೇಳಿ ಎದ್ದುಬಂದ. ಉಳಿದದ್ದು ಹೇಳಿದರೆ ಪುಡಿ ನಿಲ್ಲಿಸಿಯಾರು, ಮತ್ತೆ ಹಿತ್ತಿಲೇ ಗತಿ ಎಂಬ ಅಂಜಿಕೆ. ಮದುವೆ ಹತ್ತಿರವಾದಂತೆ ಯಾರನ್ನೂ ಕೇಳದೆ ಒಂದು ಚಿಟಿಕೆಯನ್ನು ಎರಡು ಮಾಡಿದ. ಈಗ ಹಿತ್ತಿಲಿಗೆ ಹೋಗುವುದೇ ನಿಂತಿತು. ನಾಲ್ಕು ದಿನವಾಯಿತು. ಹೊಟ್ಟೆ ಡೊಳ್ಳಿನಂತೆ ಬಿಗಿಯಿತು.

“ಆಮೇಲೆ?” ಎಂದು ವನಮಾಲೆ ಒಂದು ಗುಟುಕು ನೀರು ಕುಡಿದಳು.

ಆಮೇಲೇನು, ಅವನ ಹೆಂಡತಿ ಮಗ್ಗದ ಅಂಚಿನಲ್ಲಿ ಒಂದು ನೀರಿನ ಬಟ್ಟಲು ಕಂಡಳು. ಎಳೆ ಕಡಿದರೆ ನೇಕಾರ ಬೆರಳಿಗೆ ಎಂಜಲು ಹಚ್ಚಿ ಹೊಸೆದು ಸೇರಿಸುತ್ತಾನೆ. ನೀರು ಯಾಕೆ ಬೇಕು?

“ಇಪ್ಪತ್ತು ವರ್ಷ ಇಲ್ಲದ ಬಟ್ಟಲು ಈಗ ಯಾಕೆ ಬಂತು? ಉಗುಳಿಗೂ ಬರ ಬಂತೇನು?”

“ಸೆಕೆ ಕಣೇ.”

“ಕಂಬಳಿ ಹೊದ್ದು ಕೂತವರಿಗೆ ಸೆಕೆಯೆ? ಏಳಿ ಮೇಲೆ!”

ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಗಂಡ. ಹಾಗೇ ವೈದ್ಯನ ಮನೆಗೆ ನಡೆಸಿಕೊಂಡು ಹೋದಳು.

ವೈದ್ಯ ಬಟ್ಟಲು ನೋಡಿದ, ಹೊಟ್ಟೆ ಮುಟ್ಟಿದ, ಮುಖ ಸಣ್ಣದು ಮಾಡಿಕೊಂಡ. “ನೋವು ನಿಲ್ಲಿಸಿದ್ದೂ ನನ್ನ ಪುಡಿಯೇ, ಬಾಯಿ ಒಣಗಿಸಿದ್ದೂ, ಹೊಟ್ಟೆ ಕಟ್ಟಿಸಿದ್ದೂ ಅದೇ. ಇನ್ನೆರಡು ದಿನ ತಡವಾಗಿದ್ದರೆ ನನ್ನ ಕೈ ಮೀರುತ್ತಿತ್ತು. ಯಾಕಪ್ಪ ಹೇಳಲಿಲ್ಲ?”

“ಪುಡಿ ಬಿಡಿಸ್ತೀರಿ ಅಂತ ಹೆದರಿದೆ ಸ್ವಾಮಿ.”

“ಒಂದು ಎಳೆ ಕಡಿಯಿತು ಅಂದರೆ ನೀನು ಮಗ್ಗವನ್ನೇ ಒಲೆಗೆ ಹಾಕ್ತೀಯಾ?”

ವನಮಾಲೆ ನಕ್ಕಳು. ನಕ್ಕು ಮತ್ತೆ ತಂಬಿಗೆ ಎತ್ತಿದಳು.

ಹೊಟ್ಟೆ ಸಡಿಲವಾಗುವ ತನಕ ವೈದ್ಯ ಅವನನ್ನು ತನ್ನ ಜಗಲಿಯ ಮೇಲೇ ಇರಿಸಿಕೊಂಡ. ಆಮೇಲೆ ಬೇರೆ ಔಷಧಿ ಕೊಟ್ಟ, ಸಣ್ಣ ಅಳತೆಯಲ್ಲಿ. ಕರುಳಿನ ಮುಂಗೋಪ ಪೂರ್ತಿ ಹೋಗಲಿಲ್ಲ. ದಿನಕ್ಕೊಂದೆರಡು ಓಟ ಉಳಿಯಿತು. ಆ ಓಟದ ನಡುವೆಯೇ ನೇಕಾರ ಸೀರೆ ಮುಗಿಸಿದ. ಕಣ್ಣು ಮಂಜಾದಾಗ ನೇಯ್ದ ಒಂದು ಗೇಣು ಅಂಚು ಸೊಟ್ಟಗಿತ್ತು. ಮಗಳು ಅದನ್ನು ನೆರಿಗೆಯೊಳಗೆ ಮಡಿಸಿ ಉಟ್ಟು, ಅಪ್ಪನ ಪಕ್ಕ ಧಾರೆಗೆ ನಿಂತಳು. ವೈದ್ಯ ಅಂದಿನಿಂದ ಯಾರು ಬಂದರೂ, ಚೆನ್ನಾಗಿದ್ದೇನೆ ಎಂಬ ಮಾತನ್ನು ನಂಬದೆ, ಮೊದಲು ನಾಲಿಗೆ ಚಾಚಿಸಿ ನೋಡತೊಡಗಿದ. ನೇಕಾರನ ಹೆಂಡತಿ ಮುಂದೆ ಅದೇ ಬಟ್ಟಲಲ್ಲಿ ಮೊಮ್ಮಗುವಿಗೆ ಅನ್ನ ಕಲಸಿ ತಿನ್ನಿಸಿದಳು.

ವನಮಾಲೆ ತಂಬಿಗೆ ಬಗ್ಗಿಸಿದಳು. ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

“ನಾಳೆ ಡಾಕ್ಟರ ಹತ್ತಿರ ಹೋಗುವಾಗ ಆ ತಂಬಿಗೆಯನ್ನೂ ತಗೊಂಡು ಹೋಗು ಮಗಳೇ” ಎಂದೆ.