ಅಲಾರಾಂ ಕಂಡ ಹೊಗೆ

ಒಲೆ ಆರಿ ಬಹಳ ಹೊತ್ತಾಗಿದ್ದರೂ ಅಡುಗೆಮನೆಯ ಸೂರಿನಲ್ಲಿದ್ದ ಹೊಗೆಯ ಅಲಾರಾಂ ಮತ್ತೆ ಕಿರುಚಿಕೊಂಡಿತು. ಪಕ್ಕದಲ್ಲಿ ಮೊಟ್ಟೆಯಿಟ್ಟಿದ್ದ ಹಲ್ಲಿಗೆ ರೋಸಿಹೋಯಿತು.

“ಎಲ್ಲಿದೆಯಪ್ಪಾ ಹೊಗೆ?”

“ನನ್ನ ಕಣ್ಣೆದುರೇ ಕಪ್ಪಗೆ ಅಲ್ಲಾಡುತ್ತಿದೆ!”

“ಅದು ನಿನ್ನ ಹೊಟ್ಟೆಯೊಳಗೆ ಸೇರಿಕೊಂಡಿರುವ ಜೇಡ. ಸುಮ್ಮನಿರು, ಸಂದಿಯಲ್ಲಿ ನಾಲಗೆ ಚಾಚಿ ಹಿಡಿದುಬಿಡುತ್ತೇನೆ. ಯಜಮಾನಿ ಸ್ಟೂಲು ತರುತ್ತಿದ್ದಾಳೆ. ನಿನ್ನನ್ನು ಕಿತ್ತರೆ, ನಿಜವಾಗಿ ಬೆಂಕಿ ಬಿದ್ದ ದಿನ ಮೊಟ್ಟೆಯೊಳಗಿನ ನನ್ನ ಮಕ್ಕಳಿಗೆ ಯಾರು ದಿಕ್ಕು?”

“ನಾನು ಮನೆ ಕಾಯುವವನು! ತಪ್ಪು ಹುಡುಕುವುದಾದರೆ ಹೊರಗೆ ಹುಡುಕು, ನನ್ನೊಳಗಲ್ಲ!” ಎಂದು ಅಲಾರಾಂ ಇನ್ನೂ ಜೋರಾಗಿ ಕೂಗಿತು. ಹಲ್ಲಿ ಬೆದರಿ ಹಿಂದೆ ಸರಿಯಿತು.

ಯಜಮಾನಿ ಸ್ಟೂಲು ಹತ್ತಿ ಬ್ಯಾಟರಿ ಕಳಚಿದಳು. “ಸತ್ಯಕ್ಕೆ ಇದು ಕಾಲವಲ್ಲ” ಎನ್ನುತ್ತಲೇ ಅಲಾರಾಂ ಮೂಕವಾಯಿತು. ಜೇಡ ನಿಧಾನವಾಗಿ ಹೊರಬಂದು ಬೇರೆ ಮೂಲೆ ಹುಡುಕಿಕೊಂಡಿತು.

ಅಂದಿನಿಂದ ಒಲೆ ಉರಿಯುವಷ್ಟು ಹೊತ್ತೂ ಹಲ್ಲಿಯೇ ಕಣ್ಣು ಮಿಟುಕಿಸದೆ ಕಾವಲು ಕೂರುತ್ತದೆ.